ಅಂಗಡಿ ಕೆಲಸದವರ ಊಟದ ಬಿಡುವು: ಗಡಿಯಾರ ನೋಡಿ ಲೆಕ್ಕ ಹಾಕಿ

ಹುಬ್ಬಳ್ಳಿಯ ದುರ್ಗದಬೈಲ್, ದಾಜಿಬಾನ್ ಪೇಟೆ ಕಡೆಯ ಅಂಗಡಿಗಳಲ್ಲಿ ಮಧ್ಯಾಹ್ನದ ಊಟ ಗಿರಾಕಿ ಖಾಲಿಯಾದ ಮೇಲೇ ಎಂಬುದು ರೂಢಿ. ಕಾನೂನು ಹಾಗೆ ಹೇಳುವುದಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ 1 ಗಂಟೆ ಬಿಡುವು ಕೊಡಲೇಬೇಕು. (ಕಾರ್ಖಾನೆಗಳ ನಿಯಮ ಬೇರೆ, ಎರಡನ್ನೂ ಬೆರೆಸಬೇಡಿ.)

ಬೆಳಗ್ಗೆ 9:30ಕ್ಕೆ ಶಟರ್ ಎತ್ತಿದರೆ ಬಿಡುವು 2:30ರೊಳಗೆ ಶುರುವಾಗಬೇಕು. "ಊಟ ಬಿಟ್ಟು ಸಂಜೆ ಬೇಗ ಹೋಗು" ಎನ್ನುವ ಹೊಂದಾಣಿಕೆ ಇಲ್ಲಿ ನಡೆಯದು. ಬಿಡುವೂ ಸೇರಿ ದಿನದ ಒಟ್ಟು ಅವಧಿ 12 ಗಂಟೆ ದಾಟಬಾರದು. ಅಂದರೆ ರಾತ್ರಿ 9:30 ಕೊನೆ.

ಎಡವಟ್ಟಾಗುವುದು ಹೆಚ್ಚಾಗಿ ಕೌಂಟರ್ ಹಿಂದೆಯೇ ಬುತ್ತಿ ಬಿಚ್ಚಿದಾಗ. ರೊಟ್ಟಿ ಮುರಿಯುತ್ತಲೇ ಸೀರೆ ತೋರಿಸಿದರೆ ಅದು ಬಿಡುವಲ್ಲ, ಕೆಲಸ. ಹತ್ತು ನಿಮಿಷದ ಚಹಾವೂ ಆ ಒಂದು ಗಂಟೆಗೆ ಸಮವಲ್ಲ. ಆದಷ್ಟು ಹೊರಗೆ ಹೋಗಿಯೇ ಊಟ ಮಾಡಿ.

ಬಿಡುವು ತಪ್ಪುತ್ತಿದ್ದರೆ ಎರಡು ವಾರ ದಿನವೂ ಬಂದ, ಊಟಕ್ಕೆ ಎದ್ದ, ಮರಳಿದ, ಹೊರಟ ಸಮಯ ಬರೆದಿಡಿ. ಕೆಲಸಕ್ಕೆ ಕರೆದ ವಾಟ್ಸಾಪ್ ಸಂದೇಶ ಅಳಿಸಬೇಡಿ. ಮೊದಲು ಮಾಲೀಕರಿಗೆ ಹೇಳಿ, ದೀಪಾವಳಿ ಗದ್ದಲದಲ್ಲಂತೂ ಬೇಡ. ಬಗೆಹರಿಯದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.