ಒಂದೇ ಜಾಲದಲ್ಲಿ ಎರಡು ಡಿಎಚ್‌ಸಿಪಿ

ದಾವಣಗೆರೆ ಮಂಡಿಪೇಟೆಯ ಅಂಗಡಿಯೊಂದರ ಬಿಲ್ಲಿಂಗ್ ಕಂಪ್ಯೂಟರ್‌ಗೆ ಆಗಾಗ ಪ್ರಿಂಟರ್ ಸಿಗುತ್ತಿರಲಿಲ್ಲ. ಕೇಬಲ್ ಬದಲಿಸಿದರೂ ಅಷ್ಟೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ, ಜಾಲದ ವಿಳಾಸಗಳನ್ನು ತೋರಿಸುವ ‘ಐಪಿಕಾನ್ಫಿಗ್’ ಆದೇಶ ಕೊಟ್ಟಾಗ ಗುಟ್ಟು ಸಿಕ್ಕಿತು: ಗೇಟ್‌ವೇ, ಅಂದರೆ ಹೊರದಾರಿಯಾದ ರೂಟರಿನ ವಿಳಾಸ, 192.168.1.1 ಇರಬೇಕಾದಲ್ಲಿ 192.168.0.1 ಇತ್ತು. ಗೋದಾಮಿಗೆ ವೈಫೈ ಬೇಕೆಂದು ಹಳೆಯ ರೂಟರನ್ನು ಲ್ಯಾನ್ (ಒಳಜಾಲದ) ಪೋರ್ಟಿಗೆ ಸಿಕ್ಕಿಸಿದ್ದರು. ಮುಖ್ಯ ರೂಟರಿನಂತೆ ಅದೂ ಕಂಪ್ಯೂಟರುಗಳಿಗೆ ತಾನಾಗಿ ವಿಳಾಸ ಹಂಚುತ್ತಿತ್ತು; ಈ ಹಂಚಿಕೆಯೇ ಡಿಎಚ್‌ಸಿಪಿ. ಮೊದಲು ಉತ್ತರಿಸಿದ ರೂಟರಿನ ವಿಳಾಸವನ್ನೇ ಕಂಪ್ಯೂಟರ್ ಸಾಮಾನ್ಯವಾಗಿ ಹಿಡಿಯುವುದು. ಹಳೆಯ ರೂಟರಿನದು ಸಿಕ್ಕಾಗ ಪ್ರಿಂಟರ್ ಇರುವ ವಿಳಾಸ ಸರಣಿಯಿಂದ ಅದು ಹೊರಗುಳಿಯುತ್ತಿತ್ತು. ಅದಕ್ಕೇ ಒಮ್ಮೆ ಸರಿ, ಒಮ್ಮೆ ಇಲ್ಲ.

ಹಳೆಯ ರೂಟರನ್ನು ಜಾಲದಿಂದ ಬಿಡಿಸಿ, ಅದಕ್ಕೊಂದೇ ಕಂಪ್ಯೂಟರ್ ಜೋಡಿಸಿ, ಲ್ಯಾನ್ ವಿಳಾಸವನ್ನು 192.168.1.2 ಮಾಡಿದೆ. ಆ ವಿಳಾಸ ಮುಖ್ಯ ರೂಟರ್ ಹಂಚುವ ವ್ಯಾಪ್ತಿಯ ಹೊರಗಿರಲೇಬೇಕು. ಆಮೇಲೆ ಡಿಎಚ್‌ಸಿಪಿ ಆಫ್. ಈ ಕ್ರಮ ತಿರುಗುಮುರುಗಾದರೆ ಮತ್ತೆ ಒಳಹೋಗಲು ಕಂಪ್ಯೂಟರಿಗೆ ವಿಳಾಸ ಕೈಯಾರೆ ಹಾಕಬೇಕಾದೀತು. ಮತ್ತೆ ಜಾಲಕ್ಕೆ ಜೋಡಿಸುವಾಗ ಕೇಬಲ್ ಲ್ಯಾನ್‌ನಿಂದ ಲ್ಯಾನ್‌ಗೇ, ಹಳೆಯ ರೂಟರಿನ ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟ್ ಖಾಲಿ. ಲಾಗಿನ್ ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಎಂದೇ ಇತ್ತು, ನಿಜಕ್ಕೂ ಅಪಾಯ, ಅದನ್ನೂ ಬದಲಿಸಿದೆ.