ಸೀತಾ ಹೊಳೆಗೆ ಹೊರಡುವ ಮುಂಚೆ ನೀರು ನೋಡಿ

ಕಯಾಕ್‌ಗೆ, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿಗೆ, ಹೋಗೋಣ ಅಂದ ಕೂಡಲೇ ನನ್ನ ಅಳಿಯ ಕೇಳುವುದು, 'ಮಾವ, ಎಷ್ಟು ಗಂಟೆಗೆ ಹೊರಡೋದು?' ನಾನು ಮೊದಲು ನೋಡುವುದು ಆವತ್ತು ಉಬ್ಬರ ಎಷ್ಟು ಗಂಟೆಗೆ ಅಂತ. ಕಡಲು ಏರಿದರೆ ನಮ್ಮ ಉಡುಪಿ ಕಡೆಯ ಹೊಳೆಗಳ ನೀರು ಹಿಂದಕ್ಕೆ, ಪೂರ್ವಕ್ಕೆ ಹರಿಯುತ್ತದೆ. ಹೆಚ್ಚುಕಮ್ಮಿ ಆರು ಗಂಟೆ ಏರು, ಆರು ಗಂಟೆ ಇಳಿತ. ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಹೋದ ಭಾನುವಾರದ ಲೆಕ್ಕ ಈ ಭಾನುವಾರಕ್ಕೆ ನಡೆಯುವುದಿಲ್ಲ. ಏರುವಾಗ ಮೇಲಕ್ಕೆ ಹೋಗಿ, ಇಳಿಯುವಾಗ ವಾಪಸ್ ಬಂದರೆ ಅರ್ಧ ಕೆಲಸ ನೀರೇ ಮಾಡುತ್ತದೆ.

ಉಡುಪಿಯಿಂದ ಸಾಲಿಗ್ರಾಮಕ್ಕೆ ಹೋಗಲು ಹೆದ್ದಾರಿ 66 ಬೇಡ. ಸಂತೆಕಟ್ಟೆ ದಾಟಿ ಕೆಮ್ಮಣ್ಣು, ಹೂಡೆ ಮೇಲೆ ಕೋಡಿಬೆಂಗ್ರೆಗೆ ಹೋಗಿ. ಕೊನೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಸಣ್ಣ ರಸ್ತೆ. ಸ್ವರ್ಣಾ, ಸೀತಾ ಎರಡೂ ಕಡಲು ಸೇರುವ ಅಳಿವೆ ಅಲ್ಲೇ. ಎದುರು ದಡ ಹಂಗಾರಕಟ್ಟೆ. ದಾಟಲು ಬಾರ್ಜ್, ಅಂದರೆ ಜನ, ವಾಹನ ದಾಟಿಸುವ ದೊಡ್ಡ ದೋಣಿ, ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಬಂದ ದಾರಿಯಲ್ಲೇ ತಿರುಗಿ ಬ್ರಹ್ಮಾವರ, ಮಾಬುಕಳ ಸೇತುವೆ ಸುತ್ತಿ ಸಾಲಿಗ್ರಾಮ ಸೇರಬೇಕು. ಅಲ್ಲಿನ ಪಾರಂಪಳ್ಳಿಯಲ್ಲಿ ಕಯಾಕ್ ಸಿಗುತ್ತದೆ.

ನೀರಿಗೆ ಇಳಿಯುವ ಮುಂಚೆ ದಡದ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ನೋಡಿ. ನೀರಿನ ಮೇಲೆ ಒಂದು ಗೇಣು ಒದ್ದೆ ಕೆಸರು ಹೊಳೆಯುತ್ತಿದ್ದರೆ ನೀರು ಇಳಿಯುತ್ತಿದೆ. ನೀರಿನ ಅಂಚಿನವರೆಗೂ ಬೇರು ಒಣಗಿದ್ದರೆ ಏರುತ್ತಿದೆ. ಮೊಬೈಲ್‌ಗಿಂತ ನನಗೆ ಇದರ ಮೇಲೇ ಜಾಸ್ತಿ ನಂಬಿಕೆ.

ನಂಬಿಕೆ ಬಂದದ್ದು ಒದ್ದಾಡಿದ ಮೇಲೆ ಬಿಡಿ. ಒಮ್ಮೆ ಹುಣ್ಣಿಮೆಯ ಮರುದಿನ ಇಳಿತದ ಹೊತ್ತಿಗೆ ಕಾಂಡ್ಲಾ ನಡುವಿನ ಕಿರಿದಾದ ನೀರಿನ ತೋಡಿಗೆ ನುಗ್ಗಿದೆವು. ಹುಣ್ಣಿಮೆ, ಅಮಾವಾಸ್ಯೆಗೆ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ ಅಲ್ವಾ? ಹತ್ತೇ ನಿಮಿಷಕ್ಕೆ ಕಯಾಕ್ ಕೆಸರಿನ ಮೇಲೆ ಕೂತಿತು. ತಳ್ಳೋಣ ಅಂತ ಇಳಿದೆ, ಮೊಣಕಾಲಿನವರೆಗೆ ಹೂತೆ. ಎಡಗಾಲಿನ ಚಪ್ಪಲಿ ಅಲ್ಲೇ ಉಳಿಯಿತು. ಬರಿಗಾಲಿಗೆ ಚಿಪ್ಪು ಕೊಯ್ದಿತು. ಅಳಿಯ ಮುಂದೆ ಕೂತು ನಗುತ್ತಿದ್ದ. ಅದಕ್ಕೇ ಹೇಳುವುದು, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ, ಕೆಸರು ಸಿಕ್ಕರೆ ಇಳಿಯಬೇಡಿ, ಹುಟ್ಟುಗೋಲಿನಿಂದಲೇ ದೋಣಿಯನ್ನು ಹಿಂದಕ್ಕೆ ತಳ್ಳಿ.

ಇಬ್ಬರಿದ್ದರೆ ಭಾರದವರು ಹಿಂದೆ. ಮುಂದಿನವರ ಲಯಕ್ಕೆ ಹಿಂದಿನವರು ಹುಟ್ಟು ಹಾಕಬೇಕು. ಬರೀ ತೋಳಲ್ಲಿ ಎಳೆದರೆ ಅರ್ಧ ಗಂಟೆಗೆ ಭುಜ ಸೋಲುತ್ತದೆ, ಸೊಂಟ ತಿರುಗಿಸಿ ಎಳೆಯಿರಿ. ಈಜು ಬಂದರೂ ಲೈಫ್ ಜಾಕೆಟ್ ಬಿಗಿಯಾಗಿರಲಿ. ಮಧ್ಯಾಹ್ನ ಕಡಲ ಗಾಳಿ ಎದ್ದರೆ ವಾಪಸ್ ಬರುವಾಗ ಮುಖಕ್ಕೇ ಹೊಡೆಯುತ್ತದೆ, ಬೆಳಿಗ್ಗೆಯ ಉಬ್ಬರ ಸಿಗುವ ದಿನವನ್ನೇ ಆರಿಸಿ. ಅಳಿವೆ ಬಾಯಿಯ ಕಡೆ ಮಾತ್ರ ಹೋಗಲೇಬೇಡಿ. ಮಳೆಗಾಲದಲ್ಲಂತೂ ಹೊಳೆಯೇ ಬೇಡ.

ಮನೆಯ ಹಿರಿಯರು ಜೊತೆಗಿದ್ದರೆ ಹೆಬ್ರಿ–ಕಾರ್ಕಳ ದಾರಿಯ ವರಂಗಕ್ಕೆ ಕರೆದುಕೊಂಡು ಹೋಗಿ. ಕೆರೆಯ ನಡುವಿನ ಬಸದಿಗೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಅಲ್ಲಿ ಉಬ್ಬರದ ಲೆಕ್ಕವೂ ಬೇಡ, ಚಪ್ಪಲಿಯ ಚಿಂತೆಯೂ ಬೇಡ.