ಬೀಜದ ದ್ರಾಕ್ಷಿ, ನಮ್ಮ ಮನೆಯ ಕೆಂಪು ವೈನ್

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ನಮ್ಮ ಕಡೆ ದ್ರಾಕ್ಷಿ ಅಂದರೆ ಥಾಮ್ಸನ್. ಹಸಿರು ಹಣ್ಣು, ಬೀಜ ಇಲ್ಲ. ರೇಟು ಇದ್ದರೆ ಹಸಿಯಾಗಿಯೇ ಮಾರುತ್ತೇವೆ. ಇಲ್ಲದಿದ್ದರೆ ಶೆಡ್ಡಿನಲ್ಲಿ ಒಣಗಿಸಿ ತಾಸಗಾಂವಿಗೋ ವಿಜಯಪುರಕ್ಕೋ ಕಳಿಸುತ್ತೇವೆ. ವೈನ್ ದ್ರಾಕ್ಷಿಗೆ ಈ ಎರಡೂ ದಾರಿ ಇಲ್ಲ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ, ಒಣಗಿಸಿದರೂ ಬೀಜ ಹಲ್ಲಿಗೆ ಸಿಗುತ್ತದೆ. ವೈನರಿಯವರು ಬೇಡ ಅಂದರೆ ಮುಗಿಯಿತು. ನಾವು ಸ್ವಂತ ವೈನ್ ಮಾಡಲು ಹೊರಟದ್ದಕ್ಕೆ ಇದೇ ಕಾರಣ.

ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ ಅಂತ ಹೊಸ ನೀತಿ ತಂದಿತು. ನಾಸಿಕ ಜಿಲ್ಲೆಯ ವಿಂಚೂರಿನಲ್ಲಿ, ನಮ್ಮ ಸಾಂಗ್ಲಿ ಜಿಲ್ಲೆಯ ಪಲೂಸಿನಲ್ಲಿ ವೈನರಿಗಳಿಗೆ ಅಂತಲೇ ಜಾಗ ಮಾಡಿದ ವೈನ್ ಪಾರ್ಕ್ ಬಂದವು. ಊರೂರಲ್ಲೂ ಶಿರಾಜ್, ಕ್ಯಾಬರ್ನೆ ಸೋವಿನ್ಯೋಂ ಅನ್ನುವ ವೈನ್ ದ್ರಾಕ್ಷಿ ತಳಿಗಳ ಹೊಸ ಹೆಸರು ಕೇಳತೊಡಗಿದವು. ಅಪ್ಪನೂ ಒಂದು ಕಂಪನಿ ಜೊತೆ ಕರಾರು ಮಾಡಿಕೊಂಡು ಶಿರಾಜ್ ಹಚ್ಚಿದರು. ಮೊದಲು ಎಲ್ಲ ಚೆನ್ನಾಗಿಯೇ ಇತ್ತು. 2008ರ ಕೊನೆಗೆ ಮುಂಬೈ ದಾಳಿ ಆಯಿತು. ಜಗತ್ತಿನ ಮಾರುಕಟ್ಟೆಯೂ ಕುಸಿದಿತ್ತು. ಹೋಟೆಲ್‌ಗಳು ಖಾಲಿ ಹೊಡೆದವು, ವೈನರಿಗಳ ಟ್ಯಾಂಕ್‌ಗಳಲ್ಲಿ ಹಳೆಯ ವೈನೇ ಉಳಿಯಿತು. ಹಣ್ಣು ಕೊಳ್ಳಲು ಯಾರೂ ಬರಲಿಲ್ಲ. ಅಕ್ಕಪಕ್ಕದವರು ಬಳ್ಳಿ ಕತ್ತರಿಸಿ ಥಾಮ್ಸನ್ ಕಸಿ ಕಟ್ಟಿದರು. ನಾವೂ ಬಹುಪಾಲು ಹಾಗೇ ಮಾಡಿದೆವು. ಇಳಿಜಾರಿನ ಗರಸು ನೆಲದ ಒಂದು ಪಡ, ಅಂದರೆ ಒಂದು ತುಂಡು ಹೊಲ ಮಾತ್ರ ಅಪ್ಪ ಮುಟ್ಟಲು ಬಿಡಲಿಲ್ಲ. ಕಾಕಾ ಎಷ್ಟು ಹೇಳಿದರೂ ಕೇಳಲಿಲ್ಲ. ಇವತ್ತು ನಮ್ಮ ಬಾಟಲಿಗೆ ಬರುವುದು ಆ ಪಡದ ಹಣ್ಣೇ.

ಮುಂದೆ ಏನು ಮಾಡಬೇಕು ಅನ್ನುವುದು ನನಗೆ ಹೊಳೆದದ್ದು ಅಕಲೂಜ ಕಡೆ ನೋಡಿದಾಗ. ಅದು ಸೋಲಾಪುರ ಜಿಲ್ಲೆ, ನಮ್ಮ ಹಾಗೆಯೇ ಮಳೆ ಕಡಿಮೆ ಇರುವ ಸೀಮೆ. ಅಲ್ಲಿನ ಮೋಹಿತೆ ಪಾಟೀಲ ಮನೆತನದ ಸಹೋದರರು, ದೆಹಲಿಯ ಸೇಖ್ರಿ ಸಹೋದರರು, ಇಟಲಿಯ ಸೆಚ್ಚಿ ಸಹೋದರರು ಸೇರಿ ಫ್ರಟೆಲ್ಲಿ ವೈನರಿ ಕಟ್ಟಿದರು. ಯುರೋಪಿನಿಂದ ಸಸಿ ತರಿಸಿದರು. ಟಸ್ಕನಿಯ ಪಿಯೆರೊ ಮಾಸಿ ವೈನ್ ಮಾಡಲು ಬಂದರು. ಅವರ ಹೆಸರಾಂತ ಕೆಂಪು ವೈನ್ 'ಸೆಟ್ಟೆ'. ಅದರಲ್ಲಿ ಇಟಲಿಯ ಸಾಂಜೊವೇಸೆ ಹಣ್ಣಿನ ಜೊತೆ ಕ್ಯಾಬರ್ನೆ ಸೋವಿನ್ಯೋಂ ಇದೆ. ಅವರ ದುಡ್ಡು, ಅವರ ಎಕರೆ ನಮಗೆಲ್ಲಿ ಬರಬೇಕು? ನನಗೆ ಹಿಡಿಸಿದ್ದು ಒಂದೇ: ತೋಟವೂ ಅವರದೇ, ಟ್ಯಾಂಕೂ ಅವರದೇ. ಹಣ್ಣನ್ನು ಕಿಲೋ ಲೆಕ್ಕದಲ್ಲಿ ಬೇರೆಯವರಿಗೆ ತೂಗಿ ಕೊಡಬೇಕಾಗಿಲ್ಲ.

ನಾನು ನಾಸಿಕಕ್ಕೆ ಹೋಗಿ ಕೆಲಸ ಕಲಿತೆ. ಲೈಸೆನ್ಸು, ಸಾಲ, ಕಟ್ಟಡ ಅಂತ ಓಡಾಡಿ ಸಣ್ಣ ವೈನರಿ ಹಾಕಿದೆವು. ಆ ಓಡಾಟದ ಕಥೆ ಇಲ್ಲಿ ಬೇಡ, ಎಲ್ಲರದೂ ಒಂದೇ ಥರ ಇರುತ್ತದೆ.

ಕೆಂಪು ವೈನಿನ ಅರ್ಧ ಕೆಲಸ ಬಳ್ಳಿಯಲ್ಲೇ ಮುಗಿಯಬೇಕು. ಬಳ್ಳಿ ಸವರುವುದಕ್ಕೆ ನಮ್ಮಲ್ಲಿ ಚಾಟ್ನಿ ಅನ್ನುತ್ತಾರೆ. ಏಪ್ರಿಲ್ ಚಾಟ್ನಿ ಹೊಸ ಕಡ್ಡಿ ಬರಲಿಕ್ಕೆ, ಮಳೆಗಾಲ ಮುಗಿಯುವಾಗಿನ ಚಾಟ್ನಿ ಹಣ್ಣಿಗೆ. ಇದು ಥಾಮ್ಸನ್ ಬೆಳೆಯುವವರಿಗೂ ಗೊತ್ತು. ಗೊತ್ತಿಲ್ಲದ್ದು ಗೊಂಚಲು ಕಡಿಮೆ ಮಾಡುವುದು. ಥಾಮ್ಸನ್‌ನಲ್ಲಿ ಎಕರೆಗೆ ಹತ್ತು ಟನ್ ದಾಟಿದರೆ ಖುಷಿ. ಇಲ್ಲಿ ನಾನು ಮೂರ್ನಾಲ್ಕು ಟನ್‌ಗೇ ನಿಲ್ಲಿಸುತ್ತೇನೆ. ಹಣ್ಣಿಗೆ ಬಣ್ಣ ತಿರುಗುವ ಹೊತ್ತಿಗೆ ಹಿಂದೆ ಬಿದ್ದ ಗೊಂಚಲನ್ನೆಲ್ಲ ಕತ್ತರಿಸಿ ಕೆಳಗೆ ಬೀಳಿಸುತ್ತೇವೆ. ಮೊದಲ ಸಲ ಕಾಕಾ ತಡೆಯಲಾರದೆ ಕೇಳಿದರು: "ತಮ್ಮಾ, ಬೆಳೆದದ್ದನ್ನ ಮಣ್ಣಿಗೆ ಹಾಕತೀಯಲ್ಲೋ!" ಅಪ್ಪ ಮಾತ್ರ ಸುಮ್ನೆ ಕತ್ತರಿ ತಗೊಂಡು ಮುಂದಿನ ಸಾಲಿಗೆ ಹೋದರು. ಉಳಿದ ಗೊಂಚಲಿಗೆ ಬಳ್ಳಿಯ ಕಸುವೆಲ್ಲ ಹೋಗುತ್ತದೆ. ಬಣ್ಣ, ಒಗರು, ವಾಸನೆ ಎಲ್ಲ ಗಟ್ಟಿಯಾಗುತ್ತದೆ.

ಫೆಬ್ರುವರಿಯಲ್ಲಿ ದಿನಾ ಹಣ್ಣು ತಿಂದು ನೋಡುತ್ತೇನೆ. ಸಿಹಿ ಅಳೆಯಲು ಮೀಟರ್ ಇದೆ. ಆ ಅಳತೆಗೆ ಬ್ರಿಕ್ಸ್ ಅನ್ನುತ್ತಾರೆ, 23–24 ಬಂದರೆ ಸಾಕು. ಆದರೆ ಬೀಜ ಕಚ್ಚಿ ನೋಡುವುದೂ ಅಷ್ಟೇ ಮುಖ್ಯ. ಹಸಿರು ಹೋಗಿ ಕಂದು ಬಣ್ಣ ಬಂದಿರಬೇಕು, ಕಟುಂ ಅನ್ನಬೇಕು. ಕೊಯ್ಲು ಬೆಳಕು ಹರಿಯುವ ಮುಂಚೆಯೇ. ಬಿಸಿಲೇರಿದ ಮೇಲೆ ಕೊಯ್ದ ಹಣ್ಣು ಬಿಸಿಯಾಗಿಯೇ ಟ್ಯಾಂಕ್ ಸೇರುತ್ತದೆ.

ಶಿರಾಜ್ ಹಿಂಡಿದರೆ ಬರುವ ರಸ ಹೆಚ್ಚುಕಡಿಮೆ ಬಿಳಿಯದೇ. ಕೆಂಪು ಇರುವುದು ಸಿಪ್ಪೆಯಲ್ಲಿ. ಅದಕ್ಕೇ ತೊಟ್ಟು ಬಿಡಿಸಿ, ಸಿಪ್ಪೆ ಬೀಜದ ಸಮೇತ ಟ್ಯಾಂಕ್‌ಗೆ ತುಂಬಿ ಯೀಸ್ಟ್ ಹಾಕುತ್ತೇವೆ. ಹುದುಗು ಎದ್ದಾಗ ಗ್ಯಾಸ್ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ಆ ಪದರ ಒಣಗಬಾರದು. ದಿನಕ್ಕೆ ಮೂರ್ನಾಲ್ಕು ಸಲ ಅದನ್ನು ಕೆಳಕ್ಕೆ ಅದ್ದಬೇಕು, ರಾತ್ರಿಯೂ ಬಿಡುವ ಹಾಗಿಲ್ಲ. ಬಿಸಿ 28 ಡಿಗ್ರಿ ದಾಟದಂತೆ ಕಾಯುತ್ತೇನೆ. ತುಂಬ ಬಿಸಿಯಾದರೆ ಯೀಸ್ಟ್ ಸಾಯುತ್ತದೆ, ಸಿಹಿ ಅರ್ಧಕ್ಕೇ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಕುಡಿಯುವವರಿಲ್ಲ. ಗುಡ್ಡಾಪುರದ ದಾನಮ್ಮ ದೇವಿಗೆ ನಡೆದುಕೊಳ್ಳುವ ಮನೆ. ಮದ್ಯದ ಕೆಲಸ ಅಂತ ಅವ್ವ ಮೊದಲು ವೈನರಿ ಹೊಸ್ತಿಲು ದಾಟಿರಲಿಲ್ಲ. ಈಗ ಹುದುಗಿನ ಹೊತ್ತಿಗೆ ಬಾಗಿಲಲ್ಲಿ ನಿಂತು ಮೂಸಿ ಹೋಗುತ್ತಾಳೆ. ಜೀವಮಾನವಿಡೀ ದೋಸೆ ಹಿಟ್ಟು, ಮೊಸರು, ಉಪ್ಪಿನಕಾಯಿ ನೋಡಿದ ಮೂಗು ಅದು. ಯಾವ ಟ್ಯಾಂಕ್ ಹುಳಿ ವಾಸನೆಗೆ ತಿರುಗುತ್ತಿದೆ ಅಂತ ನನಗಿಂತ ಮೊದಲೇ ಹೇಳಿದ್ದಾಳೆ. ನಾನು ರುಚಿ ನೋಡಿ ಉಗುಳುತ್ತೇನೆ. ನಾಸಿಕದಲ್ಲಿ ಕಲಿಸಿದ್ದೂ ಹಾಗೆಯೇ.

ಹುದುಗು ಮುಗಿದ ಮೇಲೆ ಹಿಂಡಿ ಸಿಪ್ಪೆ ಬೇರೆ ಮಾಡುತ್ತೇವೆ. ಕಿಲೋ ಹಣ್ಣಿಗೆ 600–700 ಮಿಲಿಲೀಟರ್ ವೈನ್ ಸಿಗುತ್ತದೆ. ಆಮೇಲೆ ಬ್ಯಾಕ್ಟೀರಿಯಾದ ಕೆಲಸ. ಹಸಿ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಚುರುಕು. ಅದನ್ನು ಅವು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ. ಬಾಯಿಗೆ ಚುಚ್ಚುವ ಹುಳಿ ಮೆತ್ತಗಾಗುತ್ತದೆ.

ಕೊನೆಗೆ 225 ಲೀಟರಿನ ಓಕ್ ಪೀಪಾಯಿಯಲ್ಲಿ ಒಂದು ವರ್ಷ. ಓಕ್ ಜಾಸ್ತಿಯಾದರೆ ಹಣ್ಣಿನ ವಾಸನೆ ಸತ್ತುಹೋಗುತ್ತದೆ, ಹಾಗಾಗಿ ಹೊಸ ಪೀಪಾಯಿ ಕಡಿಮೆ ಬಳಸುತ್ತೇನೆ. ನಮ್ಮ ಬೇಸಿಗೆಗೆ ಕೋಣೆ ತಂಪು ಇಡುವುದೇ ದೊಡ್ಡ ಖರ್ಚು. ಪೀಪಾಯಿಯಿಂದ ಆರಿಹೋದಷ್ಟನ್ನು ಅದೇ ವೈನಿನಿಂದ ತುಂಬುತ್ತಿರಬೇಕು, ಗಾಳಿಗೆ ಜಾಗ ಬಿಡಬಾರದು.

ಕೆಂಪು ವೈನನ್ನು ಹೊರಗಿನ ಬಿಸಿಯಲ್ಲೇ ಕುಡಿಯಬೇಕು ಅಂತ ಹಲವರು ಅಂದುಕೊಂಡಿದ್ದಾರೆ. ಅದು ಯುರೋಪಿನ ಚಳಿಯ ಮನೆಗೆ ಸರಿ, ನಮ್ಮ ಏಪ್ರಿಲ್‌ಗೆ ಅಲ್ಲ. ಫ್ರಿಜ್‌ನಲ್ಲಿಟ್ಟು 16–18 ಡಿಗ್ರಿಗೆ ಇಳಿಸಿ. ಕಾಳುಮೆಣಸಿನ ಘಾಟು ಇರುವ ನಮ್ಮ ಶಿರಾಜ್‌ಗೆ ಖಾರ ಹದವಾಗಿರುವ ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿ ಹೊಂದುತ್ತದೆ ಅಂತ ಕೊಂಡವರು ಹೇಳುತ್ತಾರೆ. ಅದನ್ನು ಕೇಳಿ ಅವ್ವನಿಗೂ ಖುಷಿ.